ಗುಂಡಿ ಅವ್ವನಿಗೆ ಐದಕ್ಕೆ ಎಷ್ಟು

ಕೊಳ್ಳೇಗಾಲದಲ್ಲಿ ಹುಟ್ಟಿದವರಿಗೆ ಒಂದು ಕಾಟ ಇದೆ. ಮೈಸೂರು ದಾಟಿ ಎಲ್ಲಿಗಾದರೂ ಹೋಗಿ ಊರ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ಕುರ್ಚಿ ಹಿಂದಕ್ಕೆ ಎಳ್ಕೊಂಡು, "ಅಯ್ಯೋ, ಮಾಟ ಗೀಟ ಮಾಡಿಬಿಟ್ಟೀರಾ ಮತ್ತೆ!" ಅಂತ ಹಲ್ಲು ಕಿರಿಯುತ್ತಾರೆ. ನಲವತ್ತು ಸಲ ಕೇಳಿದ ಜೋಕಿಗೆ ನಲವತ್ತೊಂದನೇ ಸಲವೂ ನಗಬೇಕು, ನಗದಿದ್ದರೆ ಸಿಡುಕಿ ಅನ್ನುತ್ತಾರೆ. ಇಂಚರ ನಕ್ಕು ನಕ್ಕು ಸಾಕಾಗಿ, ಮೈಸೂರಿನಲ್ಲಿ ಓದುವಾಗ ಒಂದು ಸಂಜೆ ಆ ಜೋಕನ್ನೇ ಕೈಗೆ ತಗೊಂಡಳು. "ಹೌದು ಕಣ್ರೋ, ನಮ್ಮ ಕಡೆ ಬರುತ್ತೆ. ಕೂತ್ಕೊಳ್ಳಿ, ಹೇಳ್ತೀನಿ" ಅಂದಳು. ಅವತ್ತು ಬಾಯಿ ಮುಚ್ಕೊಂಡು ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಇಂಚರ ಯಾರು ಅಂತ ಹೇಳಿಬಿಡ್ತೀನಿ. ಕೊಳ್ಳೇಗಾಲದ ನೇಕಾರರ ಬೀದಿಯ ದೇವಣ್ಣನ ಒಬ್ಬಳೇ ಮಗಳು, ಇಪ್ಪತ್ತೇಳು ವರ್ಷ. ಅಪ್ಪ ನೇಯ್ದ ರೇಷ್ಮೆ ಸೀರೆಗಳ ಫೋಟೋ ತೆಗೆದು ಆನ್‌ಲೈನಿಗೆ ಹಾಕುವುದು, ಗಿರಾಕಿಗಳ ಹತ್ತಿರ "ಬಣ್ಣ ಹೋಗಲ್ಲ ಮೇಡಂ" ಅಂತ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವುದು ಅವಳ ಕೆಲಸ. ಹುಚ್ಚು ಮಾತ್ರ ಬೇರೆ. ಅದಕ್ಕೆ ಕಥೆಯಾಟ ಅಂತ ಹೆಸರು. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರ ಆಗುತ್ತಾರೆ. ಬಾಗಿಲು ಒಡೆಯಿತಾ, ಕತ್ತಿ ತಾಗಿತಾ ಅನ್ನುವುದನ್ನು ದಾಳ ಹಾಕಿ ನೋಡುತ್ತಾರೆ. ದೇವಣ್ಣ ಒಂದು ಸಲ ಪೂರ್ತಿ ಕೂತು ನೋಡಿ, "ಗೆದ್ರೂ ಏನೂ ಸಿಕ್ಕಲ್ವಾ? ಇದ್ಯಾವ ಸೀಮೆ ಜೂಜು ಕೂಸೇ?" ಅಂದು ಎದ್ದುಹೋಗಿದ್ದ.

ಇಂಥ ಆಟಗಳಿಗೆ ಬರುವ ಪುಸ್ತಕಗಳನ್ನು ಓದಿ ವಿಮರ್ಶೆ ಬರೆಯುವುದರಲ್ಲಿ ಇಂಚರ ಹೆಸರು ಮಾಡಿದ್ದಳು. ಒಂದು ಕನ್ನಡ ಜಾಲತಾಣ ಅವಳ ವಿಮರ್ಶೆ ಹಾಕುತ್ತಿತ್ತು. ಕೊನೆಗೆ "ಐದಕ್ಕೆ ಎಷ್ಟು" ಅಂತ ಅಂಕ ಕೊಡಬೇಕು. ಅವಳು ಮೂರೂವರೆ ದಾಟಿದ್ದೇ ಇಲ್ಲ. ಬಿಗಿ ಕೈ.

ಆ ಬುಧವಾರ ಮಧ್ಯಾಹ್ನ ಪಾರ್ಸಲ್ ಬಂತು. ಕಪ್ಪು ರಟ್ಟಿನ ತೆಳು ಪುಸ್ತಕ, 'ಅಮಾಸೆ ಕೂಟ' ಅಂತ ಹೆಸರು. ಬರೆದವನು ಮಾಂಬಳ್ಳಿಯ ಮಾದೇಶ, ಮೈಸೂರಿನಲ್ಲಿ ಒಂದೇ ಮೇಜಿನಲ್ಲಿ ಆಡಿದ ಗೆಳೆಯ. ಇದು ಪೂರ್ತಿ ಆಟ ಅಲ್ಲ, ಆಟಕ್ಕೆ ಸೇರಿಸಿಕೊಳ್ಳುವ ಪೂರಕ ಪುಸ್ತಕ. ಒಂದು ದುಷ್ಟ ಮಾಟಗಾರರ ಕೂಟವನ್ನು ಬೇರು ಸಮೇತ ಕಟ್ಟಿಕೊಡುತ್ತೆ. ಹೊರಗಿಂದ ನೋಡಿದರೆ ಭಜನಾ ಮಂಡಳಿ, ಒಳಗೆ ಜನರ ಹೆಸರು ಕದಿಯುವ ದಂಧೆ. ಹೆಸರು ಕಳಕೊಂಡವನನ್ನು ಹೆಂಡತಿ ಮಕ್ಕಳೇ ಗುರುತು ಹಿಡಿಯಲ್ಲ. ಇಂಚರ ಊಟದ ತಟ್ಟೆ ಪಕ್ಕಕ್ಕಿಟ್ಟು ಓದಿದಳು. ಒಬ್ಬ ನಾಯಕನನ್ನು ಹೊಡೆದುಹಾಕಿದರೂ ಕೂಟ ಸಾಯದ ಹಾಗೆ ಹೆಣೆದಿದ್ದಾನೆ, ನಕ್ಷೆಗಳು ಕೈಯಲ್ಲಿ ಹಿಡಿದು ನಡೆಯುವಷ್ಟು ಸ್ಪಷ್ಟ. ಭೇಷ್ ಮಗನೇ ಅಂದುಕೊಂಡಳು. ತಪ್ಪುಗಳೂ ಇದ್ದವು. ಕರಿಕಂಬಳಿ ಹಾಸಿ ಕೂರುವುದನ್ನು ದುಷ್ಟರ ಗುರುತು ಮಾಡಿದ್ದ. ಮಾಂಬಳ್ಳಿಯವನಾಗಿ, ಮದುವೆಗೂ ನ್ಯಾಯಕ್ಕೂ ದೇವರ ಗದ್ದುಗೆಗೂ ಹಾಸುವುದು ಅದೇ ಕಂಬಳಿ ಅಂತ ಗೊತ್ತಿಲ್ಲವಾ ಇವನಿಗೆ? ಅರ್ಧ ಅಂಕ ಕತ್ತರಿಸಿದಳು. ಕತ್ತರಿಸಿದರೂ ನಾಲ್ಕೂವರೆ ಉಳಿಯಿತು. ಅವಳಿಗೇ ಆಶ್ಚರ್ಯ.

ಆಮೇಲೆ ಅರವತ್ತೊಂದನೇ ಪುಟ ಬಂತು.

"ಗುಂಡಿ ಅವ್ವ, ಕೂಟದ ಒಡತಿ. ಹನೂರಿನ ಹಿಂದಿನ ಬೀದಿಯಲ್ಲಿ ಒಂಟಿಯಾಗಿದ್ದಾಳೆ. ಮನೆಯೊಳಗೆ ನೆಲದಲ್ಲಿ ಗುಂಡಿ ತೋಡಿದ್ದಾಳೆ, ಮೊಣಕಾಲ ತನಕ ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾಳೆ. ಬೆರಳಿಗೆ ಬೂದಿ. ತುಟಿ ಸದಾ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಎದುರಿಗೆ ಸಾವಿರಾರು ಎಳೆ. ಒಂದು ಎಳೆಗೆ ಒಂದು ಗಂಟು, ಒಂದು ಗಂಟಿಗೆ ಒಂದು ಹೆಸರು. ಅಮಾಸೆಯ ದಿನ ಗುಂಡಿಗೆ ನಿಂಬೆಹಣ್ಣು ಕೊಯ್ಯುತ್ತಾಳೆ. ಎಡಗೈ ಕಿರುಬೆರಳು ಮಡಚುವುದಿಲ್ಲ."

ಇಂಚರ ಆ ಕೊನೇ ಸಾಲನ್ನು ಇನ್ನೊಂದು ಸಲ ಓದಿದಳು. ಮಡಚದ ಆ ಕಿರುಬೆರಳು ಅವಳ ತಲೆಗೆ ಎಣ್ಣೆ ಹಚ್ಚಿತ್ತು, ಜಡೆ ಹಾಕಿತ್ತು. ಅದು ಅವಳ ಸೋದರತ್ತೆ ಮಹದೇವಮ್ಮನ ಬೆರಳು. ಇಂಚರಳಿಗೆ ಏಳು ವರ್ಷ ಆಗಿದ್ದಾಗ ತಾಯಿ ತೀರಿಕೊಂಡರು. ದೇವಣ್ಣ ದಿಕ್ಕು ತೋಚದೆ ಮಗಳನ್ನು ಹನೂರಿಗೆ ಅಕ್ಕನ ಮನೆಗೆ ಬಿಟ್ಟ. ಗಂಡ ಸತ್ತ ಮಹದೇವಮ್ಮ ಒಂದು ಗುಂಡಿ ಮಗ್ಗ ಇಟ್ಟುಕೊಂಡು ಜೀವನ ಮಾಡುತ್ತಿದ್ದಳು, ಈ ಮಗುವನ್ನೂ ಸಾಕಿದಳು. ಗುಂಡಿ ಅಂದರೆ ಮಗ್ಗದ ಕಾಲುಹಲಗೆ ತುಳಿಯಲು ನೆಲದಲ್ಲಿ ತೋಡಿದ ಗುಂಡಿ. ಮಗ್ಗದ ಉದ್ದಕ್ಕೆ ಕಟ್ಟಿದ ಹಳೇ ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹಳೆಯದಕ್ಕೆ ಗಂಟು ಹಾಕಿ ಕೆಚ್ಚಬೇಕು, ಬೆರಳು ಜಾರದಿರಲಿ ಅಂತ ಬೂದಿ. ತುಟಿ ಅಲ್ಲಾಡುವುದು ಎಳೆ ಎಣಿಸುವುದಕ್ಕೆ. ಅಮಾಸೆ ದಿನ ನೇಕಾರರು ಮಗ್ಗ ನಡೆಸಲ್ಲ, ತೊಳೆದು ಪೂಜೆ ಮಾಡುತ್ತಾರೆ, ಗುಂಡಿಗೊಂದು ನಿಂಬೆಹಣ್ಣು. ಇಷ್ಟೇ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತೆ. ಆದರೆ ಬೇಸಾಯದವರೇ ತುಂಬಿದ ಹನೂರಿನ ಆ ಬೀದಿಯಲ್ಲಿ ಮಗ್ಗ ಇದ್ದದ್ದು ಅತ್ತೆಯದೊಂದೇ.

ಇದನ್ನೆಲ್ಲ ಭಯ ಹುಟ್ಟುವ ಹಾಗೆ ತಿರುಚಿ, ಆರು ವರ್ಷದ ಹಿಂದೆ ಮೈಸೂರಿನ ಮೇಜಿನ ಮೇಲೆ ಕಥೆ ಮಾಡಿ ಇಟ್ಟವಳು ಇಂಚರಳೇ. ಕೊನೇ ಪುಟದಲ್ಲಿ ಮಾದೇಶ ಅದನ್ನು ಮರೆಯದೆ ಅಚ್ಚು ಹಾಕಿಸಿದ್ದ: "ಗುಂಡಿ ಅವ್ವನನ್ನು ಮೊದಲು ನಮಗೆ ತೋರಿಸಿದ ಇಂಚರಳಿಗೆ." ಪುಸ್ತಕದೊಳಗಿಂದ ಒಂದು ಕರಪತ್ರವೂ ಜಾರಿ ಬಿತ್ತು. ಭಾನುವಾರ ಹನೂರಿನಲ್ಲೇ, ಒಂದು ಸಮುದಾಯ ಭವನದಲ್ಲಿ ಬಿಡುಗಡೆ. ಅರವತ್ತು ಜನಕ್ಕೆ ಆಟ. "ಗುಂಡಿ ಅವ್ವ ನಿಮ್ಮೂರಲ್ಲೇ ಇದ್ದಾಳೆ. ಹುಡುಕಿ!"

ಹುಡುಕಿ ಅಂತೆ! ಹುಡುಕೋದಕ್ಕೆ ಏನಿದೆ ಅದರಲ್ಲಿ? ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ. ಭಾನುವಾರದೊಳಗೆ ಅತ್ತೆಗೆ ತಾನೇ ಬಾಯಿ ಬಿಟ್ಟು ಹೇಳಬೇಕು, ಇಲ್ಲದಿದ್ದರೆ ಊರು ಹೇಳುತ್ತೆ. ಊರು ಒಂದು ಸಲ ಹೇಳಿದ್ದನ್ನು ಅತ್ತೆ ಉಂಡವಳು. ಇನ್ನೊಂದು ಸಲ ಆ ಮುದಿ ಜೀವ ತಡೆಯುತ್ತಾ?

ಇಂಚರ ಎದ್ದಳು, ಕೂತಳು. ನೀರು ಕುಡಿಯಲು ಹೋಗಿ ಕುಡಿಯದೆ ಬಂದಳು. ವಿಮರ್ಶೆಯ ಮೊದಲ ಸಾಲು ಬರೆದು ಅಳಿಸಿದಳು, ಇನ್ನೊಂದು ಬರೆದು ಅಳಿಸಿದಳು. ಸೀರೆಯ ಫೋಟೋಗೆ ಬೆಳಕು ಹಿಡಿ ಅಂತ ದೇವಣ್ಣ ಕರೆದರೆ, ಸೀರೆ ಬಿಟ್ಟು ಗೋಡೆಗೆ ಬೆಳಕು ಹಿಡಿದು ನಿಂತಳು.

"ಯಾಕ್ ಕೂಸೇ, ಜರ ಗಿರ ಬಂದದಾ?"

"ಏನಿಲ್ಲ ಅಪ್ಪ."

"ಏನಿಲ್ದೆ ಇದ್ರೆ ಮೊಕ ಯಾಕಂಗದೆ?" ಅಂದ ದೇವಣ್ಣ. ಇಂಚರಳಿಗೆ ಬಾಯಿ ತೆರೆಯಬಾರದ ಕಡೆ ತೆರೆಯುವುದೂ, ತೆರೆಯಬೇಕಾದ ಕಡೆ ಹೊಲಿದುಕೊಳ್ಳುವುದೂ ಚಿಕ್ಕಂದಿನ ಅಭ್ಯಾಸ.

ಗುರುವಾರ ಬೆಳಿಗ್ಗೆ ಯಳಂದೂರು ಬಸ್ ಹತ್ತಿ ಮಾಂಬಳ್ಳಿಯಲ್ಲಿ ಇಳಿದಳು. ಮಾದೇಶ ಯಳಂದೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಅವತ್ತು ರಜೆ ಹಾಕಿ ಗದ್ದೆಯ ಪಂಪ್‌ಹೌಸಿನಲ್ಲಿ ಪುಸ್ತಕದ ಕಟ್ಟುಗಳನ್ನು ಜೋಡಿಸುತ್ತಿದ್ದ. ಮನೆಯಲ್ಲಿ ಜಾಗ ಇಲ್ಲ, ಭತ್ತದ ಮೂಟೆ ತುಂಬಿದೆ ಅಂತ ಅವನ ಅಪ್ಪ ಸಾಹಿತ್ಯವನ್ನೆಲ್ಲ ಮೋಟರಿನ ಪಕ್ಕಕ್ಕೆ ಸಾಗಿಸಿದ್ದರು.

"ವಿಮರ್ಶೆ ತಲುಪಿಸೋಕೆ ಗದ್ದೆ ತನಕ ಬರೋ ವಿಮರ್ಶಕಿ ಲೋಕದಲ್ಲಿ ನೀನೊಬ್ಳೇ ಕಣೇ! ಎಷ್ಟು ಕೊಟ್ಟೆ? ಮೂರಾದ್ರೂ ದಾಟಿಸಿದ್ಯಾ?" ಅಂದ.

"ಅರವತ್ತೊಂದನೇ ಪುಟ, ಮಾದೇಶ."

"ಚೆನ್ನಾಗಿ ಬಂದಿದೆ ಅಲ್ವಾ? ಅದು ನಿಂದೇ. ಆವತ್ತು ನೀನು ಹೇಳಿದ ಮೇಲೆ ಒಂದು ವಾರ ನಾವ್ಯಾರೂ ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಕಿರುಬೆರಳು ಸಮೇತ ಹಾಕಿದ್ದೀನಿ, ಒಂದೂ ಬಿಟ್ಟಿಲ್ಲ ನೋಡು."

"ಅವಳು ಇದ್ದಾಳೆ."

"ಯಾರು?"

"ಗುಂಡಿ ಅವ್ವ. ನಮ್ಮತ್ತೆ. ಹನೂರಿನಲ್ಲೇ, ಹಿಂದಿನ ಬೀದೀಲಿ, ಬದುಕಿದ್ದಾಳೆ. ಅದು ಮಗ್ಗ ಕಣೋ. ಬರೀ ಮಗ್ಗ."

ಮಾದೇಶನ ಕೈಯಲ್ಲಿದ್ದ ಕಟ್ಟು ಕೈಯಲ್ಲೇ ಉಳಿಯಿತು. ಮೊದಲು ಅವನ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬರಬೇಕಾದದ್ದೇ. "ಕಥೆ ಅಂದಲ್ಲ ನೀನು! ಆರು ವರ್ಷ ಆ ಪಾತ್ರಾನ ತಿದ್ದಿ ತೀಡಿದ್ದೀನಿ. ಬರೀತಾ ಇದ್ದೀನಿ ಅಂತ ನಿಂಗೆ ಮೆಸೇಜು ಹಾಕಿದ್ದೆ, ಬೆರಳೆತ್ತಿ ಒಂದು ಲೈಕ್ ಒತ್ತಿದೆ. ಆಗ ಹೇಳೋಕೇನಾಗಿತ್ತು ದಾಡಿ? ಅರವತ್ತು ಜನ ಹೆಸರು ಕೊಟ್ಟವ್ರೆ, ಭವನಕ್ಕೆ ಹೇಳಿದ್ದಾಗಿದೆ."

ಇಂಚರ ತಲೆ ತಗ್ಗಿಸಿದಳು. ಆ ಲೈಕು ನಿಜ. ಒತ್ತಿದ್ದಳು. ಬೇಗ ಆ ಮೆಸೇಜಿನಿಂದ ಪಾರಾದರೆ ಸಾಕು ಅಂತ ಒತ್ತಿದ್ದಳು.

ಮಾದೇಶ ಕಟ್ಟನ್ನು ಕೆಳಗಿಟ್ಟು ಬದುವಿನ ಮೇಲೆ ಕುಕ್ಕರಿಸಿ ಕೂತ. ನಾಲೆ ನೀರಿನಲ್ಲಿ ಕೈ ತೊಳೆದ, ಕೊಳೆ ಇಲ್ಲದಿದ್ದರೂ ಇನ್ನೊಂದು ಸಲ ತೊಳೆದ. ಒಳ್ಳೆಯವನು, ಆದರೆ ಬರೆದವನಿಗೆ ತಾನು ಬರೆದದ್ದರ ಮೇಲೆ ಇರುವ ಆಸೆ ಸುಮ್ಮನೆ ಬಿಡುತ್ತಾ?

"ಒಂದು ಮಾಡು," ಅಂದ ಕೊನೆಗೆ. "ನಿಮ್ಮತ್ತೇನ ಕೇಳು. ಅವ್ರು ಬೇಡ ಅಂದ್ರೆ ಭಾನುವಾರ ಭವನಕ್ಕೆ ಬೀಗ. ಇನ್ನೂ ಯಾರಿಗೂ ಕಳಿಸದೆ ಉಳಿದಿರೋ ಪುಸ್ತಕದಲ್ಲಿ ಆ ಹಾಳೆ ನಾನೇ ಕೂತು ಕಿತ್ತುಹಾಕ್ತೀನಿ. ಪರವಾಗಿಲ್ಲ ಅಂದ್ರೆ ನಡೀಲಿ. ಆದ್ರೆ ಕೇಳೋಳು ನೀನು. ನಾನು ಹೋಗಿ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಇಂಚರ ಹ್ಞೂಂ ಅಂದಳು. ಯಾವ ಮುಖ ಅನ್ನುವ ಪ್ರಶ್ನೆ ಅವಳಿಗೂ ಇತ್ತು. ಯಾಕೆಂದರೆ ಮಾದೇಶನಿಗೆ ಹೇಳಿದ್ದು ಅರ್ಧವೇ. ಇನ್ನರ್ಧ ಹದಿನೆಂಟು ವರ್ಷದಿಂದ ಯಾರಿಗೂ ಹೇಳಿದ್ದಲ್ಲ, ಕೊಳ್ಳೇಗಾಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ನೆನೆಯುತ್ತ ಬಂದಳು.

ಹನೂರಿನಲ್ಲಿ ನಾಲ್ಕನೇ ಕ್ಲಾಸು. ತಾಯಿ ಇಲ್ಲದ ಹುಡುಗಿ ಅಂದರೆ ಮಕ್ಕಳಿಗೂ ಸದರ. ಮೂವರು ಹುಡುಗಿಯರು ದಿನಾ ಅವಳ ತೋಳು ಚಿವುಟುತ್ತಿದ್ದರು, ರಕ್ತ ಬರುವ ಹಾಗೆ. ಒಂದು ದಿನ ಇಂಚರ ಅವರ ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ನಮ್ಮತ್ತೆ ಗುಂಡೀಲಿ ಕುಂತ್ಕೊಂಡು ಗಂಟು ಹಾಕ್ತಾಳೆ. ಒಂದೊಂದು ಗಂಟಿಗೂ ಒಂದೊಂದು ಹೆಸ್ರು. ನಿಮ್ಮ ಹೆಸ್ರು ಹೇಳ್ಬುಡ್ತೀನಿ." ಮಾರನೇ ದಿನದಿಂದ ಯಾರೂ ಮುಟ್ಟಲಿಲ್ಲ. ಒಬ್ಬಳಂತೂ ನೆಲ್ಲಿಕಾಯಿ ತಂದು ಕೊಟ್ಟಳು. ಒಂಬತ್ತು ವರ್ಷದ ಮಗುವಿಗೆ ಇನ್ನೇನು ಬೇಕು?

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಮೂವರು ಮನೆಗೆ ಹೋಗಿ ಹೇಳಿದರು, ಮನೆಯವರು ಬಾವಿ ಹತ್ತಿರ ಹೇಳಿದರು. ಮೂರು ತಿಂಗಳಲ್ಲಿ ಪಕ್ಕದ ಬೀದಿಯಲ್ಲಿ ಒಬ್ಬರ ಜೋಡೆತ್ತು ಸತ್ತವು, ಇನ್ನೊಬ್ಬರ ಮಗಳ ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ಹತ್ತು ಹನ್ನೆರಡು ಜನ ಮಂಕರಿಯಲ್ಲಿ ಕಲ್ಲು ಮಣ್ಣು ಹೊತ್ತು ಬಂದರು. ಅತ್ತೆಯ ಮೈಮೇಲೆ ಕೈ ಮಾಡಲಿಲ್ಲ, ಅಷ್ಟೇ ಪುಣ್ಯ. ಹಾಸು ಕತ್ತರಿಸಿ ಎಳೆದು, ಗುಂಡಿ ತುಂಬಿ, ಮೇಲೆ ನಿಂತು ತುಳಿದು ಹೋದರು. ಇಂಚರ ಕೋಣೆಯ ಮೂಲೆಯಲ್ಲಿ ನಿಂತು ನೋಡಿದಳು. ಬಾಯಿ ಬಿಡಲಿಲ್ಲ. ಅವತ್ತಿನಿಂದ ಅತ್ತೆ ನೇಯಲಿಲ್ಲ, ಹೊಲಿಗೆ ಮಿಷನ್ನು ತುಳಿದು ರವಿಕೆ ಹೊಲಿದು ಬದುಕಿದಳು.

ಶುಕ್ರವಾರ ಅಮಾಸೆ. ಮನೆಯ ಮಗ್ಗಕ್ಕೆ ರಜೆ, ದೇವಣ್ಣ ಅರಿಶಿನ ಕುಂಕುಮ ಹಿಡಿದು ಕೂತಿದ್ದ. "ಅತ್ತೆ ಮನೆಗೆ ಹೋಗಿ ಬರ್ತೀನಿ" ಅಂದರೆ, "ಅಮಾಸೆ ದಿನ ಬೆಟ್ಟದ ಬಸ್ಸಲ್ಲಿ ಕಾಲಿಡಾಕೂ ಆಗಕ್ಕಿಲ್ಲ ಕೂಸೇ, ನಾಳಿಕ್ ಓಗು" ಅಂದ. ನಾಳೆ ಅಂದರೆ ಆಗಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೊರಟ ಜನದ ನಡುವೆ ಒಂಟಿ ಕಾಲಲ್ಲಿ ನಿಂತಳು. ಯಾರದೋ ಗಂಟು ಅವಳ ಪಕ್ಕೆಗೆ ಒತ್ತುತ್ತಿತ್ತು, ಯಾರೋ "ಉಘೇ ಮಾದಪ್ಪ" ಅಂದಾಗಲೆಲ್ಲ ಇಡೀ ಬಸ್ಸು ಉಘೇ ಅನ್ನುತ್ತಿತ್ತು. ನಡುದಾರಿಯ ಕಾಮಗೆರೆಯಲ್ಲಿ ಇಳಿದುಬಿಡೋಣ, ಆಸ್ಪತ್ರೆಯ ಮುಂದೆ ವಾಪಸ್ ಬಸ್ಸು ಸಿಗುತ್ತೆ ಅಂತ ಒಂದು ಸಲ ಬಾಗಿಲ ತನಕ ನುಗ್ಗಿದಳು. ಕಂಡಕ್ಟರು, "ಇಳಿಯೋದಾದ್ರೆ ಇಳೀರಿ, ಇಲ್ಲಾಂದ್ರೆ ಒಳಿಕ್ ಓಗ್ರಿ, ಬಾಗ್ಲಲ್ಲಿ ಏನ್ ಪೂಜೆ ಮಾಡ್ತಿದ್ದೀರಾ?" ಅಂತ ಗದರಿದ. ಒಳಕ್ಕೆ ಹೋದಳು.

ಮಹದೇವಮ್ಮ ಬಾಗಿಲಲ್ಲೇ ಸಿಕ್ಕಳು. ಅರವತ್ತು ದಾಟಿದ ಸಣಕಲು ಹೆಂಗಸು, ಕುತ್ತಿಗೆಗೆ ಅಳತೆ ಟೇಪು. "ಅಯ್ಯೋ ನನ್ ಕೂಸೇ! ಅಮಾಸೆ ಜನದಲ್ಲಿ ಎಂಗಮ್ಮಿ ಬಂದೆ? ಬಾ ಬಾ, ಉಪ್ಸಾರು ಮಾಡಿವ್ನಿ, ಮುದ್ದೆ ತಿರುವ್ದ್ರಾಯ್ತು." ಇಂಚರ ತಟ್ಟೆ ಮುಂದೆ ಕೂತು ಒಂದೇ ತುತ್ತನ್ನು ಸಾರಿನಲ್ಲಿ ಅದ್ದಿ ಅದ್ದಿ ಇಟ್ಟಳು. ಅತ್ತೆಯ ಕಣ್ಣಿಗೆ ಅದು ಬೀಳದೇ ಇರುತ್ತಾ? "ಉಣ್ಣದ್ ಬುಟ್ಟು ಅದೇನ್ ಆಡ್ತಿದ್ದೀಯೆ? ಅದೇನದೆ ಯೋಳು. ಗಂಡು ಗಿಂಡು ನೋಡ್ಕಂಡಿದ್ದೀಯಾ?"

ಇಂಚರ ಚೀಲದಿಂದ ಪುಸ್ತಕ ತೆಗೆದಳು. ಆಟದ ಪುಸ್ತಕ, ಇದನ್ನು ಓದಿ ಚೆನ್ನಾಗಿದೆಯೋ ಇಲ್ಲವೋ ನಾನು ಬರೀಬೇಕು, ಭಾನುವಾರ ಇದೇ ಊರಲ್ಲಿ ಆಡಿಸ್ತಾರೆ, ಇದರಲ್ಲಿ ಒಂದು ಪುಟ ಇದೆ ಅತ್ತೆ, ಅಂತ ಉಸಿರು ಕಟ್ಟಿ ಹೇಳಿದಳು. "ಓದು ಮತ್ತೆ" ಅಂದಳು ಮಹದೇವಮ್ಮ. ಓದಿದಳು. ಗುಂಡಿ, ಬೂದಿ, ಅಲ್ಲಾಡುವ ತುಟಿ, ಎಲ್ಲ.

ಮಹದೇವಮ್ಮ ಮೊದಲು ನಕ್ಕಳು. "ತುಟಿ ಅಲ್ಲಾಡುಸ್ದೆ ಎಳೆ ಎಣ್ಸೋದು ಎಂಗಂತೆ? ಬರ್ದೋನೇ ಬಂದು ಎಣ್ಸ್ಲಿ, ಕಾಣ್ತೀನಿ!" ಆಮೇಲೆ ಕಿರುಬೆರಳಿನ ಸಾಲು ಬಂತು. ಅವಳು ತನ್ನ ಎಡಗೈಯನ್ನು ಸೆರಗಿನೊಳಗೆ ಎಳ್ಕೊಂಡಳು. ನಗು ಹೋಯಿತು.

"ಇದು ಅವ್ಳದೇ ಕೆಲ್ಸ," ಅಂದಳು. "ಎದುರು ಮನೆ ರತ್ನಂದು. ಇನ್ನೂ ಬಾಯಿ ಮುಚ್ಚಿಲ್ವಾ ಅವ್ಳು? ಹದಿನೆಂಟು ವರ್ಸ ಆದ್ರೂ ನನ್ನ ಉರ್ಕಂಡು ತಿನ್ನೋದ ಬುಡ್ನಿಲ್ವಾ?"

ಎದುರು ಮನೆಯ ಶಿವರತ್ನಮ್ಮ. ಜಮೀನುದಾರ ದೊಡ್ಡಮಾದಪ್ಪನವರ ಹೆಂಡತಿ. ಒಂದು ಕಾಲಕ್ಕೆ ಮಹದೇವಮ್ಮನಿಗೆ ಆ ಬೀದಿಯಲ್ಲಿ ಇದ್ದ ಒಬ್ಬಳೇ ಗೆಳತಿ. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗದೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂತು ನೇಯುವುದನ್ನು ನೋಡಿದ ಹೊರಗಿನವಳು ಅವಳೊಬ್ಬಳೇ. ಅಮಾಸೆಯ ನಿಂಬೆಹಣ್ಣನ್ನೂ ಬೂದಿಯನ್ನೂ ಕಂಡವಳು ಅವಳೊಬ್ಬಳೇ. ಗುಂಡಿ ಮುಚ್ಚಿದ ದಿನ ಮಹದೇವಮ್ಮ ಈ ಮಾತು ಯಾರ ಬಾಯಿಂದ ಹೊರಟಿತು ಅಂತ ಲೆಕ್ಕ ಹಾಕಿದಳು. ಆ ಲೆಕ್ಕದಲ್ಲಿ ಮನೆಯ ಮಗು ಬರಲೇ ಇಲ್ಲ. ಬೀದಿಗಿಳಿದು ಎರಡು ಕೈಯಲ್ಲಿ ಮಣ್ಣು ಬಾಚಿ ಶಿವರತ್ನಮ್ಮನ ಬಾಗಿಲಿಗೆ ತೂರಿ, "ನಿನ್ ಮನೆ ಮಣ್ಣಾಗ್ಲಿ" ಅಂತ ಶಾಪ ಹಾಕಿದಳು. ಒಂದು ವರ್ಷ ಶಿವರತ್ನಮ್ಮ ದಿನಾ ಬೀದಿಯ ಆ ಕಡೆ ನಿಂತು "ನಾನಲ್ಲ ಕಣಮ್ಮಿ" ಅಂದಳು. ಆಮೇಲೆ ಅನ್ನುವುದನ್ನೂ ಬಿಟ್ಟಳು. ಮಗಳ ಮದುವೆಗೆ ಕರೆದರೂ ಮಹದೇವಮ್ಮ ಹೋಗಲಿಲ್ಲ. ದೊಡ್ಡಮಾದಪ್ಪನವರು ಹೋದಾಗ ಹೆಣ ಎತ್ತುವ ತನಕ ಬಾಗಿಲು ಹಾಕಿಕೊಂಡು ಕೂತಿದ್ದಳು.

ಈಗ ನೋಡಿ ಇಂಚರಳ ಸ್ಥಿತಿ. ಸುಮ್ಮನಿದ್ದರೆ ಸಾಕಿತ್ತು. ಒಂದು "ಇರಬೋದು" ಅಂದಿದ್ದರೆ ಪಾರು. ಅತ್ತೆಯ ಕಣ್ಣಿನಲ್ಲಿ ತಾನು ಬಂಗಾರದ ಕೂಸಾಗಿಯೇ ಉಳಿಯುತ್ತಿದ್ದಳು. ಹದಿನೆಂಟು ವರ್ಷ ಮಾಡಿದ್ದು ಅದನ್ನೇ ಅಲ್ಲವಾ?

"ಅವರಲ್ಲ ಅತ್ತೆ. ಇದನ್ನ ಹೇಳಿದ್ದು ನಾನು. ಮೈಸೂರಲ್ಲಿ, ತಮಾಷೆಗೆ."

"ನೀನಾ?" ಮಹದೇವಮ್ಮ ಅವಳನ್ನು ದಿಟ್ಟಿಸಿದಳು. "ಓಗ್ಲಿ ಬುಡು, ಉಡುಗಾಟ..."

"ಆವಾಗ್ಲೂ ನಾನೇ." ಇಂಚರ ಪುಸ್ತಕ ಮುಚ್ಚಿದಳು. "ನಾಲ್ಕನೇ ಕ್ಲಾಸಲ್ಲಿ. ನಮ್ಮತ್ತೆ ಗಂಟು ಹಾಕ್ತಾಳೆ ಅಂತ ಮೊದ್ಲು ಸ್ಕೂಲಲ್ಲಿ ಹೇಳಿದ್ದು ನಾನು. ಶಿವರತ್ನಮ್ಮ ಅಲ್ಲ."

ಹೊರಗೆ ಬೆಟ್ಟದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಮಹದೇವಮ್ಮ ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಇಂಚರಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

"ಯಾಕಂಗಂದೆ?"

"ಹುಡುಗೀರು ಚಿವುಟೋರು ಅತ್ತೆ. ದಿನಾ. ರಕ್ತ ಬರೋದು."

"ನಂಗ್ಯಾಕಮ್ಮಿ ಯೋಳ್ನಿಲ್ಲ, ಚಿವುಟ್ತಾರೆ ಅಂತವ? ನಾನು ಬಂದು ಮೇಷ್ಟ್ರುನ ಕೇಳ್ತಿರ್ನಿಲ್ವಾ?"

ಇಂಚರ ಅತ್ತುಬಿಟ್ಟಳು. ಅದೊಂದು ದಾರಿ ಇತ್ತು ಅಂತ ಅವಳಿಗೆ ಆ ವಯಸ್ಸಿನಲ್ಲೂ ಹೊಳೆದಿರಲಿಲ್ಲ, ಈ ಹದಿನೆಂಟು ವರ್ಷದಲ್ಲೂ ಹೊಳೆದಿರಲಿಲ್ಲ.

"ಆವಾಗ ಮಗ, ಬುಡು," ಅಂದಳು ಮಹದೇವಮ್ಮ. "ಆಮ್ಯಾಕೆ? ದೊಡ್ಡೋಳಾದ್ ಮ್ಯಾಕೆ? ನಾನು ಬೀದಿ ಕಡೆ ಮೊಕ ಹಾಕ್ದೆ ಕುಂತಿದ್ದ ನೋಡಿದ್ದೀಯಲ್ಲಾ. ಅವ್ರ ಮನೇಲಿ ಹೆಣ ಇದ್ದಾಗ್ಲೂ ಕುಂತಿದ್ದೆ. ಆವತ್ತು ನೀನೂ ಇಲ್ಲೇ ಇದ್ದೆ."

ಇದ್ದಳು. ಹಬ್ಬಕ್ಕೆ ಬಂದಿದ್ದಳು. ಬಾಗಿಲ ಸಂದಿಯಿಂದ ನೋಡಿ, ಮತ್ತೆ ಫೋನು ನೋಡಿದ್ದಳು.

"ಭಾನ್ವಾರದ್ದ ನಿಲ್ಲುಸು ಮೊದ್ಲು," ಅಂದಳು ಅತ್ತೆ. ಇಂಚರ ಅಲ್ಲೇ ಮಾದೇಶನಿಗೆ "ಬೇಡ ಅಂದ್ರು, ನಿಲ್ಲಿಸು" ಅಂತ ಕಳಿಸಿದಳು. ತಕ್ಷಣ "ಸರಿ" ಅಂತ ಬಂತು, ಅದರ ಹಿಂದೆಯೇ "ವಿಮರ್ಶೆ ಮಾತ್ರ ಬರಿ. ಏನಾದ್ರೂ ಬರಿ" ಅಂತಲೂ ಬಂತು. ತಲೆ ಎತ್ತಿದರೆ ಅತ್ತೆ ಇಲ್ಲ. ಚಪ್ಪಲಿ ಹಾಕದೆ, ಅಳತೆ ಟೇಪು ಕುತ್ತಿಗೆಯಲ್ಲೇ ಇಟ್ಟುಕೊಂಡು ಹೊಸ್ತಿಲು ದಾಟಿ ಹೋಗಿಬಿಟ್ಟಿದ್ದಳು.

ಇಂಚರ ಕೈ ತೊಳೆಯದೆ ಓಡಿದಳು. ಬೀದಿ ಅಂದರೆ ಎಷ್ಟಗಲ, ಹನ್ನೆರಡು ಹೆಜ್ಜೆ. ಎದುರು ಮನೆಯ ಜಗಲಿಯ ಮೇಲೆ ಶಿವರತ್ನಮ್ಮ ಕಾಲು ನೀಡಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ದಪ್ಪ ಮೈ, ಊದಿದ ಮಂಡಿ, ಹಣೆಯಲ್ಲಿ ವಿಭೂತಿ. ಎದುರಿಗೆ ಬಂದು ನಿಂತವಳನ್ನು ಕಂಡು ಅವಳ ಕೈ ನಿಂತಿತು.

"ನೀನಲ್ವಂತೆ ಕಣಮ್ಮಿ, ರತ್ನ," ಅಂದಳು ಮಹದೇವಮ್ಮ.

ಶಿವರತ್ನಮ್ಮ ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದಳು. "ನಾನಲ್ಲ ಅನ್ನೋದು ನಂಗೆ ಗೊತ್ತಿರ್ನಿಲ್ವಾ?"

ಮಹದೇವಮ್ಮ ಬೀದಿಯಲ್ಲಿ ನಿಂತೇ ಇದ್ದಳು. ಕುಂತ್ಕೊ ಅಂತ ಶಿವರತ್ನಮ್ಮ ಅನ್ನಲಿಲ್ಲ. ಹುರುಳಿಯ ಮೇಲೆ ಬೆರಳಾಡಿಸುತ್ತ, ತಲೆ ಎತ್ತದೆ ಕೇಳಿದಳು: "ಮತ್ಯಾರಂತೆ?"

"ಯಾರೋ ಬುಡು," ಅಂದಳು ಮಹದೇವಮ್ಮ. "ಸತ್ತೋರು ಕೆಟ್ಟೋರು. ಈಗ್ಯಾಕೆ?"

ಇಂಚರ ಹಿಂದೆ ನಿಂತು ಇದನ್ನು ಕೇಳಿಸಿಕೊಂಡಳು. ಇಷ್ಟೆಲ್ಲ ಕೇಳಿದ ಮೇಲೂ ಅತ್ತೆ ತನ್ನನ್ನು ಸೆರಗಿನಡಿ ಮುಚ್ಚುತ್ತಿದ್ದಾಳೆ! ಈ ಸಲವೂ ಸುಮ್ಮನಿದ್ದರೆ ಇನ್ನು ಮನುಷ್ಯಳಾಗಿ ಇರುವುದು ಯಾತಕ್ಕೆ? ಮುಂದೆ ಬಂದಳು.

"ನಾನು, ಅವ್ವ. ನಾನು ಹೇಳಿದ್ದು. ಚಿಕ್ಕೋಳಿದ್ದಾಗ ಒಂದ್ಸಲ, ದೊಡ್ಡೋಳಾದ ಮೇಲೆ ಒಂದ್ಸಲ. ಈಗ ಪುಸ್ತಕದಲ್ಲೂ ಬಂದಿದೆ."

ಶಿವರತ್ನಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ಮಹದೇವಮ್ಮನ ಕಡೆ ತಿರುಗಿ, "ಒಂದು ಮಗ ಆಡಿದ್ ಮಾತ್ಗೆ ನನ್ನ ಬುಟ್ಟಾಕ್ದ್ಯಾ ನೀನು?" ಅಂದಳು. ಕೋಪದಲ್ಲಿ ಅಲ್ಲ, ದಣಿದು. "ನಮ್ಮ ಯಜಮಾನ್ರು ಕಣ್ಣು ಮುಚ್ಚೋ ಗಂಟ ಕೇಳೋರು, ನೀನೇನಾರ ಅಂದಿದ್ಯೇನೆ, ನಿಜ ಯೋಳು ಅಂತವ. ನನ್ ಗಂಡ್ನೇ ನಂಬ್ನಿಲ್ಲ ಕಣಮ್ಮಿ."

ಮಹದೇವಮ್ಮ ಜಗಲಿಯ ಅಂಚು ಹಿಡಿದು ಕುಸಿದು ಕೂತಳು. ಕೂತು, ಏನು ಮಾಡುವುದೆಂದು ತೋಚದೆ ಮೊರದ ಇನ್ನೊಂದು ತುದಿಯಿಂದ ಕಲ್ಲು ಆರಿಸತೊಡಗಿದಳು. ಶಿವರತ್ನಮ್ಮ ಬೇಡ ಅನ್ನಲಿಲ್ಲ. ಇಂಚರಳಿಗೆ ಕೂರಲು ಇಬ್ಬರಲ್ಲಿ ಯಾರೂ ಹೇಳಲಿಲ್ಲ, ಅವಳು ಬೀದಿಯಲ್ಲೇ ನಿಂತಳು.

"ಅದೇನೋ ಪುಸ್ತಕ ಅಂದ್ಯಲ್ಲ," ಅಂದಳು ಶಿವರತ್ನಮ್ಮ. "ಅದ್ರ ಬಗ್ಗೆ ಬರೆಯೋಳು ನೀನಾ?"

"ಹೂಂ ಅವ್ವ."

"ಓದೋರು ಎಷ್ಟು ಜನ?"

"ಮೂರ್ನಾಲ್ಕು ಸಾವಿರ ಇರಬೋದು."

"ಅಂದೋಳು ನೀನು ಅಂತ ಬರೀತೀಯಾ?"

"ಬರೀತೀನಿ."

ಶಿವರತ್ನಮ್ಮ ಹುರುಳಿ ಕೈ ಒರೆಸಿಕೊಂಡಳು. "ಅಂಗಾರೆ ನನ್ ಹೆಸ್ರೂ ಬರಿ. ನಾನಲ್ಲ ಅಂತವ. ಪೂರ್ತಿ ಹೆಸ್ರು ಹಾಕು, ಯಾರೋ ಒಬ್ಳು ಅನ್ಬ್ಯಾಡ. ಬರಿ ಈಗ್ಲೇ, ಇಲ್ಲೇ ನಿಂತ್ಕಂಡು ಬರಿ. ಬರ್ದು ಜೋರಾಗಿ ಓದು, ಬೀದಿಗೆ ಕೇಳಂಗೆ."

ಇಂಚರ ಫೋನು ತೆಗೆದಳು. ಮೂರು ದಿನದಿಂದ ಬರದೇ ಇದ್ದ ಮೊದಲ ಸಾಲು ಬಂತು. ನಿಂತಲ್ಲೇ ಅದನ್ನು ಒತ್ತಿದಳು. ಪಕ್ಕದ ಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತಿದ್ದರು. ಅವಳು ಓದಿದಳು:

"ಹನೂರಿನ ಶಿವರತ್ನಮ್ಮ ದೊಡ್ಡಮಾದಪ್ಪ ಯಾರ ಮೇಲೂ ಯಾವ ಮಾತನ್ನೂ ಆಡಿದವರಲ್ಲ. ಆಡಿದವಳು ನಾನು."

"ಇನ್ನೊಂದ್ಸಲ," ಅಂದಳು ಶಿವರತ್ನಮ್ಮ.